ರಾತ್ರಿಯಿಡೀ ನಾಟಕ, ಆರು ಕಾರ್ಡ್‌ಲೆಸ್ ಮೈಕ್: ದನಿ ಎಲ್ಲಿ ಕಡಿಯುತ್ತಿದೆ?

ಪ್ರಶ್ನೆ: ನಮ್ಮೂರಿನ ಹವ್ಯಾಸಿ ತಂಡ ವರ್ಷಕ್ಕೆ ನಾಲ್ಕೈದು ಕಡೆ ಪೌರಾಣಿಕ ನಾಟಕ ಆಡುತ್ತದೆ. ರಾತ್ರಿ ಒಂಬತ್ತಕ್ಕೆ ಶುರುವಾದರೆ ಮುಗಿಯುವಾಗ ಬೆಳಗಿನ ಜಾವ. ಮುಂಚೆ ವೇದಿಕೆಯ ಅಂಚಿಗೆ ಮೂರು ಸ್ಟ್ಯಾಂಡ್ ಮೈಕ್ ಇಟ್ಟು ಆಡುತ್ತಿದ್ದೆವು. ಹೋದ ವರ್ಷ ಆರು ಹೆಡ್‌ಸೆಟ್ ಕಾರ್ಡ್‌ಲೆಸ್ ಮೈಕ್ ಕೊಂಡೆವು. ತಾಲೀಮಿನಲ್ಲಿ ಚೆನ್ನಾಗಿಯೇ ಕೇಳುತ್ತವೆ. ನಾಟಕದ ರಾತ್ರಿ ಜನ ಸೇರಿದ ಮೇಲೆ ದನಿ ಕಡಿದು ಕಡಿದು ಬರುತ್ತದೆ, ದುರ್ಯೋಧನನ ಮೈಕ್ ಕರಕರ ಅನ್ನುತ್ತದೆ, ನಡುರಾತ್ರಿ ಕಳೆದ ಮೇಲೆ ಒಂದೊಂದಾಗಿ ಮೈಕ್‌ಗಳು ನಿಲ್ಲುತ್ತವೆ. ಅಂಗಡಿಯವರು ‘ಫ್ರೀಕ್ವೆನ್ಸಿ ಪ್ರಾಬ್ಲಂ’ ಅನ್ನುತ್ತಾರೆ. ಹೊಸ ಸೆಟ್ ಕೊಳ್ಳಬೇಕೆ?

ಉತ್ತರ: ಹೊಸ ಸೆಟ್ಟಿನ ಮಾತು ಸದ್ಯಕ್ಕೆ ಬದಿಗಿಡಿ. ನೀವು ಹೇಳಿದ್ದು ಒಂದು ತೊಂದರೆಯಲ್ಲ, ಮೂರು. ಜನ ಸೇರಿದ ಮೇಲೆ ದನಿ ಕಡಿಯುವುದು ರೇಡಿಯೋ ಅಲೆಯ ತೊಂದರೆ. ಒಬ್ಬನದೇ ಮೈಕ್ ಕರಕರ ಅನ್ನುವುದು ಬಹುಪಾಲು ವೈರಿನದು ಅಥವಾ ಬೆವರಿನದು. ನಡುರಾತ್ರಿ ನಿಲ್ಲುವುದು ಸೆಲ್ಲಿನದು. ಮೂರಕ್ಕೂ ಮದ್ದು ಬೇರೆ ಬೇರೆ. ಎಲ್ಲವನ್ನೂ ಫ್ರೀಕ್ವೆನ್ಸಿಯ ತಲೆಗೆ ಕಟ್ಟಿದರೆ ಹೊಸ ಸೆಟ್ ತಂದ ಮೇಲೂ ಎರಡು ತೊಂದರೆ ಹಾಗೇ ಉಳಿಯುತ್ತವೆ.

ಹಾಗಾಗಿ ಮೊದಲು ಕಲಿಯಬೇಕಾದದ್ದು ರಿಸೀವರ್‌ನ, ಅಂದರೆ ಮೈಕಿನ ಅಲೆ ಹಿಡಿಯುವ ಪೆಟ್ಟಿಗೆಯ, ದೀಪ ಓದುವುದು. ಕಲಾವಿದನ ಬಾಯಿಂದ ಸ್ಪೀಕರ್‌ವರೆಗಿನ ದಾರಿಯಲ್ಲಿ ತಂತಿ ಇಲ್ಲದಿರುವುದು ಸೊಂಟಕ್ಕೆ ಕಟ್ಟುವ, ಅಲೆ ಹೊರಡಿಸುವ ಪ್ಯಾಕಿನಿಂದ ರಿಸೀವರ್‌ವರೆಗೆ ಮಾತ್ರ. ಕೆನ್ನೆಯಿಂದ ಸೊಂಟದವರೆಗೂ ವೈರ್ ಇದೆ, ರಿಸೀವರ್‌ನಿಂದ ದನಿ ಹೊಂದಿಸುವ ಮಿಕ್ಸರ್‌ವರೆಗೂ ವೈರ್ ಇದೆ. ರಿಸೀವರ್ ಮುಖದ ಮೇಲೆ ‘ಆರ್‌ಎಫ್’ ಮತ್ತು ‘ಎಎಫ್’ ಎಂದು ಎರಡು ಸೂಚಕ ಇರುತ್ತವೆ. ಆರ್‌ಎಫ್ ಅಂದರೆ ಅಲೆ ಎಷ್ಟು ಬಲವಾಗಿ ಬರುತ್ತಿದೆ ಎಂಬುದು, ಎಎಫ್ ಅಂದರೆ ಅದರೊಳಗೆ ಬರುತ್ತಿರುವ ದನಿ. ಮೈಕ್ ಕೆಟ್ಟದಾಗಿ ಕೇಳುವ ಹೊತ್ತಿಗೆ ಒಬ್ಬರು ಆ ದೀಪಗಳನ್ನೇ ನೋಡುತ್ತಿರಲಿ. ದನಿ ಕಡಿದಾಗ ಆರ್‌ಎಫ್ ಕುಸಿದರೆ ಅಲೆಯ ತೊಂದರೆ. ಆರ್‌ಎಫ್ ಗಟ್ಟಿಯಾಗಿ ನಿಂತಿದ್ದು ಕರಕರ ಬರುತ್ತಿದ್ದರೆ ಹೆಡ್‌ಸೆಟ್, ವೈರ್ ಅಥವಾ ಪ್ಲಗ್‌ನ ತೊಂದರೆ. ಫ್ರೀಕ್ವೆನ್ಸಿ ಎಷ್ಟು ಬದಲಿಸಿದರೂ ಹೋಗುವುದಿಲ್ಲ. ಪ್ಯಾಕ್ ಆಫ್ ಇದ್ದರೂ ಆ ಚಾನೆಲ್ಲಿನ ಆರ್‌ಎಫ್ ದೀಪ ಹೊತ್ತಿಕೊಂಡಿದ್ದರೆ ಅಲ್ಲಿ ಬೇರೆ ಯಾರದೋ ಅಲೆ ಕೂತಿದೆ, ಆ ಫ್ರೀಕ್ವೆನ್ಸಿ ಬಿಡಬೇಕು.

ಜನ ಸೇರಿದ ಮೇಲೆಯೇ ಏಕೆ?

ರಿಸೀವರ್ ತಿರುಗಿಸಿ ಹಿಂಬದಿಯ ಚೀಟಿ ಓದಿ. ಅಲ್ಲಿ ಮೆಗಾಹರ್ಟ್ಜ್ ಲೆಕ್ಕದಲ್ಲಿ ಒಂದು ವ್ಯಾಪ್ತಿ ಬರೆದಿರುತ್ತದೆ. ಅಗ್ಗದ ಎಷ್ಟೋ ಸೆಟ್‌ಗಳ ಮೇಲೆ 740ರಿಂದ 790 ಎಂದೇ ಇರುತ್ತದೆ. ನಿಮ್ಮದೂ ಹಾಗಿದ್ದರೆ ತೊಂದರೆಯ ಬೇರು ಅಲ್ಲಿದೆ. ನಮ್ಮ ದೇಶದಲ್ಲಿ 703ರಿಂದ 748 ಮೊಬೈಲ್ ಫೋನಿನಿಂದ ಟವರ್‌ಗೆ, 758ರಿಂದ 803 ಟವರ್‌ನಿಂದ ಫೋನಿಗೆ ಎಂದು ಹಂಚಿಕೆಯಾಗಿದೆ. 2022ರ ಹರಾಜಿನ ನಂತರ ಇದು 5ಜಿ ಸೇವೆಗೆ ಬಳಕೆಗೆ ಬಂದಿದೆ. ಅದಕ್ಕೂ ಮೇಲೆ 824ರಿಂದ 844, 890ರಿಂದ 915 ಕೂಡ ಫೋನುಗಳ ಜಾಗ. ನಿಮ್ಮ ಪ್ಯಾಕ್ ಹೊರಡಿಸುವ ಶಕ್ತಿ ಸಾಮಾನ್ಯವಾಗಿ 10ರಿಂದ 50 ಮಿಲಿವ್ಯಾಟ್. ಸಿಗ್ನಲ್ ದುರ್ಬಲವಾಗಿರುವ ಊರಿನಲ್ಲಿ ಒಂದು 4ಜಿ ಫೋನ್ ಸುಮಾರು 200 ಮಿಲಿವ್ಯಾಟ್‌ವರೆಗೆ ಹೊರಡಿಸಬಲ್ಲದು. ತಾಲೀಮಿನಲ್ಲಿ ಹತ್ತು ಫೋನ್ ಇದ್ದವು. ನಾಟಕದ ರಾತ್ರಿ ಎಂಟುನೂರು ಜನ, ಎಂಟುನೂರು ಫೋನ್, ಅದರಲ್ಲಿ ಎಷ್ಟೋ ಜನ ಲೈವ್ ಬಿಡುತ್ತಾ ಕೂತವರು.

ಚೀಟಿಯಲ್ಲಿ 2.4 ಗಿಗಾಹರ್ಟ್ಜ್ ಎಂದಿದ್ದರೂ ಕಥೆ ಹೆಚ್ಚು ಬೇರೆಯಲ್ಲ. ಅದು ವೈಫೈ ಮತ್ತು ಬ್ಲೂಟೂತ್‌ನ ಜಾಗ, ಮೇಲಾಗಿ ಮನುಷ್ಯನ ದೇಹ ಆ ಅಲೆಯನ್ನು ಚೆನ್ನಾಗಿ ಹೀರುತ್ತದೆ. ತರಗತಿಗೆ, ಸಣ್ಣ ಸಭೆಗೆ ಆದೀತು; ಜಾತ್ರೆಯ ವೇದಿಕೆಗೆ ಅದನ್ನು ನಂಬಬೇಡಿ. 470ರಿಂದ 698ರ ನಡುವಿನ ಸೆಟ್ ಆಗಿದ್ದರೆ ಒಳ್ಳೆಯದು. ಆಗ ತೊಂದರೆ ಹೆಚ್ಚಾಗಿ ಆಂಟೆನಾ ಇಟ್ಟ ಜಾಗದ್ದು ಅಥವಾ ಆರೂ ಮೈಕ್‌ಗಳಿಗೆ ಫ್ರೀಕ್ವೆನ್ಸಿ ಹಂಚಿದ ಬಗೆಯದು.

ಹಂಚುವ ಬಗ್ಗೆ ಒಂದು ತಪ್ಪು ತಿಳಿವಳಿಕೆ ತುಂಬಾ ಹರಡಿದೆ: ಸಂಖ್ಯೆ ಬೇರೆ ಬೇರೆ ಇದ್ದರೆ ಸಾಕು ಅನ್ನುವುದು. ಸಾಲದು. ಎರಡು ಪ್ಯಾಕ್‌ಗಳು ಹತ್ತಿರ ಬಂದಾಗ ಅವುಗಳ ಅಲೆ ಬೆರೆತು ಇಲ್ಲದ ಹೊಸ ಅಲೆಗಳು ಹುಟ್ಟುತ್ತವೆ. ಒಂದು 600.0, ಇನ್ನೊಂದು 600.4 ಎಂದಿಟ್ಟುಕೊಳ್ಳಿ. ಎರಡರ ಅಂತರ 0.4. ಆ ಅಂತರದಷ್ಟೇ ಮೇಲೆ 600.8ರಲ್ಲಿ, ಕೆಳಗೆ 599.6ರಲ್ಲಿ ಎರಡು ಕಳ್ಳ ಅಲೆಗಳು ಏಳುತ್ತವೆ. ನಿಮ್ಮ ಮೂರನೆಯ ಮೈಕನ್ನು ಅಂದವಾಗಿ ಸಮಾನ ಅಂತರದಲ್ಲಿ 600.8ಕ್ಕೆ ಇಟ್ಟಿದ್ದರೆ, ಮೊದಲ ಇಬ್ಬರು ಅಕ್ಕಪಕ್ಕ ನಿಂತಾಗಲೆಲ್ಲ ಮೂರನೆಯವನ ದನಿ ಕೆಡುತ್ತದೆ. ಭೀಮ, ದುರ್ಯೋಧನ ಎದುರೆದುರು ಬಂದಾಗ ದೂರದಲ್ಲಿ ನಿಂತ ಕೃಷ್ಣನ ಮೈಕ್ ಕೈಕೊಡುವುದು ಹೀಗೆ. ಆದ್ದರಿಂದ ಸಮಾನ ಅಂತರ ಎಂದೂ ಬೇಡ. ಈ ಲೆಕ್ಕವನ್ನು ತಯಾರಕರೇ ಹಾಕಿ ‘ಗ್ರೂಪ್’, ‘ಚಾನೆಲ್’ ಎಂದು ಮೆನುವಿನಲ್ಲಿ ಕೊಟ್ಟಿರುತ್ತಾರೆ. ಆರೂ ಮೈಕ್ ಒಂದೇ ಗ್ರೂಪಿನ ಬೇರೆ ಬೇರೆ ಚಾನೆಲ್‌ನಲ್ಲಿರಲಿ. ಒಂದು ಗ್ರೂಪ್ 1ರಲ್ಲಿ, ಇನ್ನೊಂದು ಗ್ರೂಪ್ 3ರಲ್ಲಿ ಇಟ್ಟರೆ ಆ ಲೆಕ್ಕವೆಲ್ಲ ಬಿದ್ದುಹೋಗುತ್ತದೆ. ಸಂಖ್ಯೆ ಬದಲಿಸಲು ಬಾರದ ಹಳೆಯ ಸೆಟ್‌ಗಳನ್ನು ಇದರ ಜೊತೆ ಬೆರೆಸಬೇಡಿ. ಸೌಂಡ್ ಸಿಸ್ಟಂನವರು ನಿರೂಪಣೆಗೆ ತಂದ ಕೈ ಮೈಕ್ ಯಾವ ಫ್ರೀಕ್ವೆನ್ಸಿಯಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಿ.

ಗ್ರೂಪ್ ಆರಿಸುವುದು ನಾಟಕದ ಸ್ಥಳದಲ್ಲೇ, ಪ್ರತಿ ಸಲವೂ. ಹೋದ ಊರಿನಲ್ಲಿ ಚೆನ್ನಾಗಿದ್ದ ಗ್ರೂಪ್ ಈ ಊರಿನಲ್ಲಿ ಕೆಡಬಹುದು. ನಿಮ್ಮ ಆರೂ ಪ್ಯಾಕ್ ಆಫ್ ಮಾಡಿ. ಎಲ್ಇಡಿ ಪರದೆ, ಸೀರಿಯಲ್ ಸೆಟ್, ಲೈಟಿಂಗ್ ಬೋರ್ಡ್, ಜನರೇಟರ್ ಎಲ್ಲ ಆನ್ ಇರಲಿ, ಏಕೆಂದರೆ ರಾತ್ರಿ ಇರುವುದು ಹಾಗೆಯೇ. ಎಲ್ಇಡಿ ಪರದೆಯಂತೂ ವಿಶಾಲ ವ್ಯಾಪ್ತಿಯಲ್ಲಿ ಗದ್ದಲ ಎಬ್ಬಿಸುತ್ತದೆ. ಈಗ ಒಂದು ರಿಸೀವರ್‌ನಲ್ಲಿ ‘ಸ್ಕ್ಯಾನ್’ ಕೊಡಿ. ಹೆಚ್ಚು ಖಾಲಿ ಚಾನೆಲ್ ಇರುವ ಗ್ರೂಪನ್ನು ಅದು ತೋರಿಸುತ್ತದೆ. ಆರೂ ರಿಸೀವರ್‌ಗೆ ಆ ಗ್ರೂಪ್ ಕೊಟ್ಟು, ಒಂದೊಂದಕ್ಕೂ ಬೇರೆ ಚಾನೆಲ್ ಇಟ್ಟು, ಪ್ಯಾಕ್‌ಗಳನ್ನು ಸಿಂಕ್ ಮಾಡಿ, ಅಂದರೆ ಪ್ರತಿ ಪ್ಯಾಕಿಗೂ ಅದರ ರಿಸೀವರ್‌ನ ಫ್ರೀಕ್ವೆನ್ಸಿ ಕೊಡಿ. ಸಿಂಕ್ ಮಾಡುವಾಗ ಒಂದು ಪ್ಯಾಕ್ ಮಾತ್ರ ರಿಸೀವರ್ ಎದುರಿಗಿರಲಿ, ಉಳಿದವು ದೂರ ಇರಲಿ. ಆಮೇಲೆ ಆರನ್ನೂ ಆನ್ ಮಾಡಿ, ಒಂದೊಂದನ್ನೇ ಒಂದು ನಿಮಿಷ ಆಫ್ ಮಾಡುತ್ತಾ ಹೋಗಿ. ಆಫ್ ಮಾಡಿದ ಚಾನೆಲ್ಲಿನ ಆರ್‌ಎಫ್ ಪೂರ್ತಿ ಇಳಿಯಬೇಕು. ಇಳಿಯದಿದ್ದರೆ ಉಳಿದ ಐದರ ಬೆರಕೆ ಅಲ್ಲಿ ಬೀಳುತ್ತಿದೆ, ಆ ಚಾನೆಲ್ ಬದಲಿಸಿ. ಜನ ಬಂದು ಕೂತ ಮೇಲೆ, ಪೂರ್ವರಂಗಕ್ಕೆ ಮುಂಚೆ, ಈ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಹತ್ತು ನಿಮಿಷದ ಕೆಲಸ, ಬಿಡಬಾರದ ಕೆಲಸ.

ರಿಸೀವರ್ ಎಲ್ಲಿಡಬೇಕು?

ನಿಮ್ಮ ರಿಸೀವರ್‌ಗಳು ಈಗ ಜನರ ಹಿಂದೆ, ಮಿಕ್ಸರ್ ಪಕ್ಕದ ಮೇಜಿನ ಮೇಲೆ ಇರಬೇಕು. ಹೆಚ್ಚಿನ ಕಡೆ ಹಾಗೆಯೇ ಇಡುತ್ತಾರೆ, ದೊಡ್ಡ ತಪ್ಪು ಅದೇ. ಅಲ್ಲಿಂದ ವೇದಿಕೆಗೆ ಮೂವತ್ತು ಮೀಟರ್, ನಡುವೆ ನೂರಾರು ದೇಹಗಳು, ನೂರಾರು ಫೋನುಗಳು. ರಿಸೀವರ್‌ಗಳನ್ನು ವೇದಿಕೆಯ ಸೈಡ್ ವಿಂಗಿಗೆ ತನ್ನಿ. ಕಲಾವಿದರಿಗೂ ಆಂಟೆನಾಕ್ಕೂ 5ರಿಂದ 10 ಮೀಟರ್ ಅಂತರ ಸಾಕು. ಅಲ್ಲಿಂದ ಮಿಕ್ಸರ್‌ಗೆ ದನಿಯನ್ನು ಎಕ್ಸ್ಎಲ್ಆರ್ (ಮೂರು ಪಿನ್ನಿನ ಮೈಕ್) ಕೇಬಲ್‌ನಲ್ಲಿ ಒಯ್ಯಿರಿ. ಅದರಲ್ಲಿ ಹೋಗುವ, ಹೊರಗಿನ ಗದ್ದಲ ತಡೆಯುವ ‘ಬ್ಯಾಲೆನ್ಸ್ಡ್’ ಆಡಿಯೋ ನಲವತ್ತು ಮೀಟರ್ ಹೋದರೂ ಏನೂ ಆಗದು. ಆಂಟೆನಾ ಮಾತ್ರ ಮುಂದೆ ಇಟ್ಟು ತೆಳು ಕೇಬಲ್ ಎಳೆಯುವ ಯೋಚನೆ ಬೇಡ, ಹತ್ತು ಮೀಟರ್ ತೆಳು ಆಂಟೆನಾ ಕೇಬಲ್ಲೇ ಈ ಫ್ರೀಕ್ವೆನ್ಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿ ತಿಂದುಬಿಡುತ್ತದೆ.

ಎತ್ತರ ಮುಖ್ಯ. ನೆಲದಿಂದ ಎರಡು ಮೀಟರ್ ಮೇಲೆ, ಮರದ ಹಲಗೆಯ ಮೇಲಿರಲಿ. ಕಬ್ಬಿಣದ ಬೀರು, ಆಂಪ್ಲಿಫೈಯರ್ ರ್‍ಯಾಕ್, ಟ್ರಸ್ ಕಂಬಕ್ಕೆ ಒತ್ತಿಕೊಂಡು ಬೇಡ. ಎಲ್ಇಡಿ ಪರದೆಯಿಂದ ಮೂರು ಮೀಟರ್‌ಗಿಂತ ದೂರವಿರಲಿ. ಎರಡು ಆಂಟೆನಾ ಇರುವುದು ಒಂದಕ್ಕೆ ಸಿಗದ ಅಲೆ ಇನ್ನೊಂದಕ್ಕೆ ಸಿಗಲಿ ಎಂದು. 600 ಮೆಗಾಹರ್ಟ್ಜ್‌ನ ಅಲೆ 50 ಸೆಂಟಿಮೀಟರ್ ಉದ್ದ. ಎರಡು ಆಂಟೆನಾಗಳ ನಡುವೆ ಕನಿಷ್ಠ ಅದರ ಕಾಲುಭಾಗ, ಅಂದರೆ ಹನ್ನೆರಡೂವರೆ ಸೆಂಟಿಮೀಟರ್ ಬೇಕು. ಎರಡನ್ನೂ ಹೊರಕ್ಕೆ ವಾಲಿಸಿ ಇಂಗ್ಲಿಷಿನ ‘ವಿ’ ಆಕಾರ ಮಾಡಿ. ಆರು ರಿಸೀವರ್ ಒಂದರ ಮೇಲೊಂದು ಪೇರಿಸಿ ಹನ್ನೆರಡು ಆಂಟೆನಾ ಒಂದಕ್ಕೊಂದು ತಾಗುವಂತೆ ಇಟ್ಟರೆ ಒಂದೂ ಸರಿಯಾಗಿ ಕೆಲಸ ಮಾಡದು. ಅಕ್ಕಪಕ್ಕ ಜಾಗ ಬಿಟ್ಟು ಇಡಿ, ಅಥವಾ ಒಂದು ಜೊತೆ ಆಂಟೆನಾದ ಅಲೆಯನ್ನು ಎಲ್ಲ ರಿಸೀವರ್‌ಗೂ ಹಂಚುವ ಆಂಟೆನಾ ಡಿಸ್ಟ್ರಿಬ್ಯೂಟರ್ ಬಳಸಿ. ಜಿಂಕ್ ಶೀಟಿನ ಚಾವಣಿಯ ವೇದಿಕೆಗಳಲ್ಲಿ ಅಲೆ ತಗಡಿಗೆ ಬಡಿದು ವಾಪಸ್ ಬಂದು, ನೇರ ಬಂದದ್ದನ್ನೇ ಕೊಂದುಹಾಕುತ್ತದೆ. ವೇದಿಕೆಯ ಒಂದೇ ಮೂಲೆಯಲ್ಲಿ ದನಿ ಕಡಿಯುತ್ತಿದ್ದರೆ ಕಾರಣ ಅದೇ. ಆಂಟೆನಾಗಳನ್ನು ಅರ್ಧ ಮೀಟರ್ ಆಚೀಚೆ ಸರಿಸಿ ನೋಡಿ, ಎಷ್ಟೋ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಒಬ್ಬರು ಪ್ಯಾಕ್ ಕಟ್ಟಿಕೊಂಡು ವೇದಿಕೆಯ ಎಲ್ಲ ಮೂಲೆಗೂ, ಬಣ್ಣದ ಮನೆಯ ಬಾಗಿಲವರೆಗೂ ಮಾತಾಡುತ್ತಾ ನಡೆಯಲಿ, ಆಂಟೆನಾ ಕಡೆಗೆ ಬೆನ್ನು ಮಾಡಿಯೂ, ಎದೆ ಮಾಡಿಯೂ. ಆರ್‌ಎಫ್ ಎಲ್ಲಿ ಇಳಿಯಿತು ಎಂದು ಗುರುತು ಹಾಕಿಕೊಳ್ಳಿ. ‘ಸ್ಕ್ವೆಲ್ಚ್’ ತಿರುಪನ್ನು ಏರಿಸಿದರೆ ಗದ್ದಲ ಮುಚ್ಚುತ್ತದೆ ನಿಜ, ಆದರೆ ಮೈಕಿನ ಕೈಗೆಟುಕುವ ದೂರವೂ ಕಡಿಮೆಯಾಗುತ್ತದೆ. ಅದನ್ನು ನಡುವಿನಲ್ಲೇ ಬಿಡಿ.

ದುರ್ಯೋಧನನ ಕರಕರ

ಈ ಪಾತ್ರದ ವೇಷವನ್ನು ನೆನೆಸಿಕೊಳ್ಳಿ. ಕಿರೀಟ, ಭುಜಕೀರ್ತಿ, ಎದೆಕವಚ, ಸೊಂಟಪಟ್ಟಿ, ಎಲ್ಲದರ ಮೇಲೂ ತಗಡು, ಜರಿ, ಕನ್ನಡಿ ಚೂರು. ಒಳಗೆ ಧಾರೆಯಾಗಿ ಬೆವರು. ಮೀಸೆಗೆ ಅಂಟು, ಕೆನ್ನೆಗೆ ಬಣ್ಣ. ಇಡೀ ತಂಡದಲ್ಲಿ ಮೈಕಿಗೆ ಅತಿ ಕಷ್ಟದ ಮೈ ಅವನದು. ಅವನ ಮೈಕೇ ಮೊದಲು ಕೆಡುವುದರಲ್ಲಿ ಆಶ್ಚರ್ಯವಿಲ್ಲ.

ಪ್ಯಾಕ್ ಇರಬೇಕಾದದ್ದು ಬೆನ್ನಿನ ಕೆಳಭಾಗದಲ್ಲಿ, ವೇಷದ ಲೋಹದ ಭಾಗಗಳು ಮುಚ್ಚದ ಕಡೆ. ಪಂಚೆಯ ಸಿಂಬಿಗೆ ಸಿಕ್ಕಿಸಿದರೆ ಒಂದು ಕುಣಿತಕ್ಕೆ ಜಾರುತ್ತದೆ. ನಾಲ್ಕು ಬೆರಳು ಅಗಲದ ಎಲಾಸ್ಟಿಕ್ ಪಟ್ಟಿಗೆ ಬಟ್ಟೆಯ ಜೇಬು ಹೊಲಿಸಿ, ಒಳಬನಿಯನ್ ಮೇಲೆ ಕಟ್ಟಿ. ದರ್ಜಿಗೆ ಆರು ಪಟ್ಟಿ ಹೊಲಿಯುವುದು ಒಂದು ಗಂಟೆಯ ಕೆಲಸ. ಪ್ಯಾಕಿನ ಆಂಟೆನಾ ನೇರವಾಗಿರಬೇಕು, ಮಡಿಸಬಾರದು, ಬರಿ ಮೈಗೆ ಅಂಟಬಾರದು, ಮೈಕ್ ವೈರನ್ನು ಅದಕ್ಕೆ ಸುತ್ತಬಾರದು. ಒದ್ದೆ ಮೈಗೆ ಅಂಟಿದ ಆಂಟೆನಾದ ಶಕ್ತಿಯಲ್ಲಿ ದೊಡ್ಡ ಪಾಲನ್ನು ಮೈಯೇ ಕುಡಿದುಬಿಡುತ್ತದೆ. ಬೆವರಿನಿಂದ ಕಾಪಾಡಲು ಪ್ಯಾಕನ್ನು ತೆಳು ಜಿಪ್ ಕವರಿಗೆ ಹಾಕಿ, ಬಾಯಿಯನ್ನು ಕೆಳಮುಖ ಮಾಡಿ. ವೃತ್ತಿಪರ ರಂಗತಂಡಗಳು ಜಿಡ್ಡು ಹಚ್ಚದ ಕಾಂಡೋಮ್ ಬಳಸುತ್ತವೆ. ಪ್ಯಾಕಿಗೆ ಬಿಗಿಯಾಗಿ ಕೂರುತ್ತದೆ, ಅಲೆಗೆ ಅಡ್ಡಿ ಮಾಡುವುದಿಲ್ಲ. ಸಂಕೋಚಪಡುವ ವಿಷಯವಲ್ಲ, ಮೆಡಿಕಲ್ ಅಂಗಡಿಯ ಹತ್ತು ರೂಪಾಯಿಯ ವಸ್ತು ಸಾವಿರಾರು ರೂಪಾಯಿಯ ಯಂತ್ರ ಉಳಿಸುತ್ತದೆ. ಕಲಾವಿದನ ಮೊಬೈಲ್ ಮಾತ್ರ ಸೊಂಟದಲ್ಲಿ ಇರಲೇಬಾರದು.

ಹೆಡ್‌ಸೆಟ್ಟಿನ ಗುಂಡು, ಅಂದರೆ ದನಿ ಹಿಡಿಯುವ ಕ್ಯಾಪ್ಸೂಲ್, ತುಟಿಯ ಅಂಚಿನಿಂದ ಎರಡು-ಮೂರು ಸೆಂಟಿಮೀಟರ್ ಹಿಂದೆ, ಕೆನ್ನೆಯ ಮೇಲಿರಲಿ. ಬಾಯಿಯ ಎದುರಿಗೆ ಬಂದರೆ ‘ಪ’, ‘ಭ’ ಬಂದಾಗಲೆಲ್ಲ ಗಾಳಿ ಬಡಿದು ‘ಢಬ್’ ಅನ್ನುತ್ತದೆ. ಕಿವಿಯ ಮೇಲೆ ಕೂರುವ ತಂತಿಯನ್ನು ನಂಬಿ ಬಿಡಬೇಡಿ. ಕೆನ್ನೆಯ ಮೇಲೆ ಒಂದು ಕಡೆ, ಕಿವಿಯ ಹಿಂದೆ ಒಂದು ಕಡೆ, ಕುತ್ತಿಗೆಯ ಹಿಂಬದಿ ಒಂದು ಕಡೆ ಅಂಟುಪಟ್ಟಿ ಬೇಕು. ಮೆಡಿಕಲ್ ಅಂಗಡಿಯಲ್ಲಿ ಗಾಯದ ಮೇಲೆ ಹಾಕುವ ಸರ್ಜಿಕಲ್ ಟೇಪ್ ಕೇಳಿ. ಕಾಗದದಂಥ ಮೈಕ್ರೋಪೋರ್‌ಗಿಂತ ಪಾರದರ್ಶಕ ಪ್ಲಾಸ್ಟಿಕ್ಕಿನದು ಬೆವರಿಗೆ ಹೆಚ್ಚು ಬಾಳುತ್ತದೆ. ಅಂಟಿಸುವ ಜಾಗವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಒಣಗಿಸಿ, ಆಮೇಲೆ ಅಂಟಿಸಿ. ಬಣ್ಣದ ಮೇಲೆ ಅಂಟಿಸಿದ್ದು ಅರ್ಧ ಗಂಟೆಯೂ ನಿಲ್ಲದು. ಹಾಗಾಗಿ ಅಂಟಿಸಿದ ಮೇಲೆ ಆ ಪಟ್ಟಿಯ ಮೇಲೆಯೇ ಬಣ್ಣ ಬಳಿಯಲಿ, ಅಷ್ಟು ಹೊತ್ತು ಗುಂಡಿಗೆ ಪುಟ್ಟ ಪ್ಲಾಸ್ಟಿಕ್ ತೊಡಿಸಿರಿ. ಬಣ್ಣದ ಪುಡಿ, ಸಫೇತ, ಮೀಸೆಯ ಅಂಟು ಇವು ಗುಂಡಿನ ಜಾಲರಿಯ ಮೊದಲ ಶತ್ರುಗಳು. ಗಡ್ಡ ಇರುವ ಭೀಷ್ಮ, ದ್ರೋಣರಿಗೆ ಕೆನ್ನೆಯ ಮೈಕ್ ಬೇಡವೇ ಬೇಡ, ಕೂದಲು ಉಜ್ಜಿ ಸರಸರ ಅನ್ನುತ್ತದೆ. ಅವರಿಗೆ ಸಣ್ಣ ಗುಂಡಿನ ಕಾಲರ್ ಮೈಕನ್ನು ಹಣೆಯ ಮೇಲೆ, ಟೋಪನ್ನಿನ (ಕಟ್ಟುಗೂದಲಿನ) ಅಂಚಿಗೆ ಹೊಂದಿಸಿ ಅಂಟಿಸಿ. ಕಿರೀಟಕ್ಕೆ ಕಟ್ಟಬೇಡಿ, ಕಿರೀಟ ತೆಗೆಯುವ ದೃಶ್ಯದಲ್ಲಿ ಮೈಕೂ ಹೋಗುತ್ತದೆ.

ಎದೆಗೆ ಸಿಕ್ಕಿಸುವ ಪದ್ಧತಿಯನ್ನು ಈ ವೇಷಗಳಿಗೆ ನಾವು ಸೂಚಿಸುವುದಿಲ್ಲ. ಆಭರಣದ ಕಿಣಿಕಿಣಿ ಒಂದು ಕಾರಣ, ದೂರ ಇನ್ನೊಂದು. ಬಾಯಿಗೂ ಗುಂಡಿಗೂ ಇರುವ ದೂರ ಎರಡು ಪಟ್ಟಾದರೆ ದನಿ 6 ಡೆಸಿಬಲ್ ಇಳಿಯುತ್ತದೆ. ಎರಡೂವರೆ ಸೆಂಟಿಮೀಟರ್‌ನಿಂದ ಹದಿನೈದಕ್ಕೆ ಹೋದರೆ 15 ಡೆಸಿಬಲ್‌ನಷ್ಟು ನಷ್ಟ. ಆ ನಷ್ಟವನ್ನು ಮಿಕ್ಸರಿನಲ್ಲಿ ತುಂಬಿಸಲು ಹೋದಾಗಲೇ ಸ್ಪೀಕರ್ ಕೂಗಲು ಶುರುವಾಗುತ್ತದೆ.

ಇನ್ನು ಕರಕರದ ಮೂಲ ಹುಡುಕುವ ಕ್ರಮ. ಹೆಡ್‌ಸೆಟ್ ಬಿಚ್ಚಿ ಮೇಜಿನ ಮೇಲಿಡಿ, ಪ್ಯಾಕ್ ಆನ್ ಇರಲಿ, ಮಿಕ್ಸರಿನಲ್ಲಿ ಒಬ್ಬರು ಹೆಡ್‌ಫೋನ್ ಹಾಕಿ ಕೇಳಲಿ. ಪ್ಲಗ್ಗಿನ ಬುಡದಿಂದ ಶುರುಮಾಡಿ ವೈರನ್ನು ಎರಡೆರಡು ಸೆಂಟಿಮೀಟರ್‌ಗೊಮ್ಮೆ ಮೆಲ್ಲಗೆ ಬಾಗಿಸುತ್ತಾ ಗುಂಡಿನವರೆಗೆ ಹೋಗಿ. ಸದ್ದು ಎಲ್ಲಿ ಬಂತೋ ಅಲ್ಲಿ ಒಳಗಿನ ಎಳೆ ತುಂಡಾಗಿದೆ. ಹತ್ತರಲ್ಲಿ ಎಂಟು ಸಲ ಅದು ಪ್ಲಗ್ಗಿನ ಬುಡವೇ, ಏಕೆಂದರೆ ಕಲಾವಿದರು ಬಿಚ್ಚುವಾಗ ವೈರ್ ಹಿಡಿದು ಎಳೆಯುತ್ತಾರೆ. ಬುಡದಲ್ಲಾದರೆ ಎರಡು ಇಂಚು ಕತ್ತರಿಸಿ ಪ್ಲಗ್ ಮತ್ತೆ ಬೆಸೆಸಬಹುದು. ಗುಂಡಿನ ಹತ್ತಿರವಾದರೆ ಹೆಡ್‌ಸೆಟ್ಟನ್ನೇ ಬದಲಿಸಬೇಕು. ಬದಲಿ ಕೊಳ್ಳುವಾಗ ಎಚ್ಚರ: ಪ್ಲಗ್ ಒಂದೇ ಆಕಾರದ್ದಾದರೂ ಕಂಪನಿಯಿಂದ ಕಂಪನಿಗೆ ಪಿನ್‌ಗಳ ಜೋಡಣೆ ಬೇರೆ. ಕೂರುತ್ತದೆ, ಆದರೆ ದನಿ ಬರುವುದಿಲ್ಲ. ನಿಮ್ಮ ಪ್ಯಾಕ್ ಜೊತೆ ಒಯ್ದು ಅಂಗಡಿಯಲ್ಲೇ ಹಾಕಿ ನೋಡಿ.

ವೈರ್ ಸರಿ ಇದೆ, ಆದರೂ ಬೆವರಿದ ಮೇಲಷ್ಟೇ ಕರಕರ ಬರುತ್ತದೆ ಎಂದಾದರೆ ಬೆವರು ವೈರಿನ ಗುಂಟ ಇಳಿದು ಪ್ಲಗ್ಗಿನೊಳಗೆ ಹೋಗಿದೆ. ಪ್ಲಗ್ಗಿಗೆ ನಾಲ್ಕು ಇಂಚು ಮೊದಲು ವೈರನ್ನು ಒಂದು ಸುತ್ತು ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲಕ್ಕೆ ತನ್ನಿ. ಹನಿ ಆ ಬಾಗಿನಲ್ಲೇ ಕೆಳಕ್ಕೆ ತೊಟ್ಟಿಕ್ಕುತ್ತದೆ. ಪ್ಲಗ್ಗಿನ ಒಳಗೆ ಹಸಿರು ಕಿಲುಬು ಕಂಡರೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಕರಕರವಿಲ್ಲದೆ ದನಿ ಮುಸುಕಿನೊಳಗಿಂದ ಬಂದಂತಿದ್ದರೆ ಗುಂಡಿನ ಜಾಲರಿಯಲ್ಲಿ ಬೆವರು ಅಥವಾ ಬಣ್ಣ ಕೂತಿದೆ. ನಾಟಕದ ನಡುವೆ ಮಾಡಬಹುದಾದದ್ದು ಒಣ ಟಿಶ್ಯೂ ಕಾಗದದಿಂದ ಒತ್ತಿ ತೆಗೆಯುವುದು ಮಾತ್ರ. ಊದಬೇಡಿ, ಉಗುಳು ಒಳಗೆ ಹೋಗುತ್ತದೆ. ಬಿಸಿ ಗಾಳಿಯ ಹೇರ್ ಡ್ರೈಯರ್ ಹಿಡಿದರೆ ಒಳಗಿನ ತೆಳು ಪೊರೆ ಶಾಶ್ವತವಾಗಿ ಹಾಳಾಗಬಹುದು.

ಸೆಲ್

ಎರಡು ಡಬಲ್-ಎ ಆಲ್ಕಲೈನ್ ಸೆಲ್ ಹಾಕುವ ಪ್ಯಾಕ್‌ಗಳು ಸಾಮಾನ್ಯವಾಗಿ 6ರಿಂದ 10 ಗಂಟೆ ನಡೆಯುತ್ತವೆ. ನಿಮ್ಮ ನಾಟಕ ಒಂಬತ್ತರಿಂದ ಐದರವರೆಗೆ ಎಂಟು ಗಂಟೆ, ಜೊತೆಗೆ ಸಂಜೆಯ ಪರೀಕ್ಷೆ. ಹಾಗಾಗಿ ಒಂದು ಜೊತೆ ಸೆಲ್‌ನಲ್ಲಿ ಬೆಳಗು ಮಾಡುವ ಆಸೆ ಬಿಡಿ. ಸಂಜೆಯ ಪರೀಕ್ಷೆಗೆ ಹಳೆಯ ಸೆಲ್, ಪರದೆ ಏಳುವ ಮುಂಚೆ ಆರಕ್ಕೂ ಹೊಸ ಸೆಲ್, ರಾತ್ರಿ ಒಂದೂವರೆ ಹೊತ್ತಿಗೆ ಕಲಾವಿದ ಒಳಗೆ ಬಂದಾಗ ಮತ್ತೆ ಹೊಸದು. ಒಂದು ರಾತ್ರಿಗೆ ಇಪ್ಪತ್ತನಾಲ್ಕು ಸೆಲ್ ಆಯಿತು. ಅಗ್ಗದ ಸಾದಾ ಸತು-ಇಂಗಾಲದ ಸೆಲ್ ಗೋಡೆ ಗಡಿಯಾರಕ್ಕೆ ಸರಿ, ಇದಕ್ಕಲ್ಲ. ಎರಡು ಗಂಟೆಯಲ್ಲಿ ಕುಸಿಯಬಹುದು. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿಯ ಪ್ಯಾಕ್ ಆದರೆ ಇನ್ನೂ ಹತ್ತಿರದಿಂದ ಗಮನಿಸಬೇಕು.

ವರ್ಷಕ್ಕೆ ನಾಲ್ಕೈದು ನಾಟಕ, ತಾಲೀಮು ಸೇರಿದರೆ ಖರ್ಚು ಏರುತ್ತದೆ. ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಒಳ್ಳೆಯ ದಾರಿ. 2000 ಮಿಲಿಆಂಪಿಯರ್-ಅವರ್ ಅಥವಾ ಹೆಚ್ಚಿನ, ಇಟ್ಟಲ್ಲಿ ಬೇಗ ಇಳಿಯದ ಬಗೆಯವನ್ನು ಕೊಳ್ಳಿ. ಅವುಗಳ ವೋಲ್ಟೇಜ್ 1.5 ಅಲ್ಲ, 1.2. ಪ್ಯಾಕಿನ ಮೆನುವಿನಲ್ಲಿ ಸೆಲ್ಲಿನ ಬಗೆ ಬದಲಿಸದಿದ್ದರೆ ಮೀಟರ್ ಮೊದಲಿಂದಲೇ ಕಡಿಮೆ ತೋರಿಸುತ್ತದೆ, ಕೊನೆಯಲ್ಲಿ ಎಚ್ಚರಿಕೆ ಕೊಡುವಷ್ಟರಲ್ಲಿ ನಿಂತೇಬಿಡುತ್ತದೆ. ಎರಡೆರಡು ಸೆಲ್‌ಗೆ ಒಂದೇ ಸಂಖ್ಯೆ ಬರೆದು ಜೋಡಿ ಮುರಿಯದೆ ಬಳಸಿ. ಒಂದು ಹೊಸದು ಒಂದು ಹಳೆಯದು ಬೆರೆಸಿದರೆ ಹಳೆಯದು ಸೋರಬಹುದು. ಸೋರಿ ಬಿಳಿ ಪುಡಿ ಕಟ್ಟಿದ್ದರೆ ನಿಂಬೆರಸ ಅಥವಾ ವಿನಿಗರ್ ಸೋಂಕಿಸಿದ ಹತ್ತಿಕಡ್ಡಿಯಿಂದ ಸ್ಪ್ರಿಂಗ್ ಒರೆಸಿ, ಮೇಲೆ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಿ.

ಸೆಲ್ ಬದಲಿಸುವ ಮುಂಚೆ ಮಿಕ್ಸರಿನಲ್ಲಿ ಆ ಚಾನೆಲ್ ಮ್ಯೂಟ್ ಆಗಿರಲೇಬೇಕು, ಇಲ್ಲದಿದ್ದರೆ ಸ್ಪೀಕರಿನಲ್ಲಿ ಗುಂಡು ಹೊಡೆದ ಸದ್ದು. ಪ್ಯಾಕ್‌ಗಳ ಮ್ಯೂಟ್ ಗುಂಡಿಯನ್ನು ಮಾತ್ರ ಲಾಕ್ ಮಾಡಿಬಿಡಿ. ಮ್ಯೂಟ್ ಮಾಡುವ ಅಧಿಕಾರ ಮಿಕ್ಸರಿನವರ ಒಬ್ಬರ ಕೈಯಲ್ಲೇ ಇರಲಿ.

ಮಿಕ್ಸರಿನಲ್ಲಿ

ಪ್ಯಾಕಿನ ಗೇಯ್ನ್ (ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಮಟ್ಟ) ಹೊಂದಿಸುವುದು ಮಾತಿಗಲ್ಲ, ಹಾಡಿಗೆ. ಪೌರಾಣಿಕ ನಾಟಕದಲ್ಲಿ ಕಲಾವಿದ ಕಂದಪದ್ಯವನ್ನು ತಾರಕಕ್ಕೆ ಒಯ್ಯುವಾಗ ಮಾತಿಗಿಂತ ದನಿ ಎಷ್ಟೋ ಪಟ್ಟು ದೊಡ್ಡದು. ಆ ಕೊನೆಯ ಸ್ವರವನ್ನೇ ಹಾಡಿಸಿ, ‘ಪೀಕ್’ ದೀಪ ಅಪರೂಪಕ್ಕೆ ಮಿನುಗುವಷ್ಟಕ್ಕೆ ಪ್ಯಾಕಿನ ಗೇಯ್ನ್ ಇಳಿಸಿ. ಪ್ಯಾಕಿನಲ್ಲೇ ಒಡೆದ ದನಿಯನ್ನು ಮಿಕ್ಸರ್ ಸರಿಮಾಡಲಾರದು. ಅಲ್ಲಿ 100ರಿಂದ 120 ಹರ್ಟ್ಜ್‌ಗಿಂತ ಕೆಳಗಿನದನ್ನು ‘ಲೋ ಕಟ್’ ಒತ್ತಿ ತೆಗೆಯಿರಿ, ಹೆಜ್ಜೆಯ ಧಡಧಡ ಹೋಗುತ್ತದೆ. ವೇದಿಕೆಯಲ್ಲಿ ಇಲ್ಲದವರ ಮೈಕ್ ಮುಚ್ಚಿರಲಿ: ತೆರೆದ ಮೈಕ್‌ಗಳ ಸಂಖ್ಯೆ ಎರಡು ಪಟ್ಟಾದರೆ ಕೂಗು ಏಳುವ ಮುಂಚೆ ಸಿಗುವ ದನಿ 3 ಡೆಸಿಬಲ್ ಕಡಿಮೆಯಾಗುತ್ತದೆ. ಇಬ್ಬರು ಅಪ್ಪಿಕೊಂಡು ಮಾತಾಡುವಾಗ ಒಬ್ಬರ ಮೈಕ್ ಸಾಕು, ಎರಡೂ ತೆರೆದಿದ್ದರೆ ದನಿ ಟೊಳ್ಳಾಗುತ್ತದೆ. ಇದಕ್ಕೆ ದೃಶ್ಯವಾರು ಚೀಟಿ ಬೇಕು: ಯಾವ ದೃಶ್ಯ, ಯಾವ ಸಂಖ್ಯೆಯ ಪ್ಯಾಕ್ ಯಾರ ಮೈಮೇಲೆ. ಇಪ್ಪತ್ತು ಪಾತ್ರಕ್ಕೆ ಆರು ಪ್ಯಾಕ್ ಆದ್ದರಿಂದ ಕೈ ಬದಲಾಗುವುದು ಖಚಿತ. ಬದಲಾಗುವಾಗ ಹೆಡ್‌ಸೆಟ್ಟಿನ ತಂತಿಯನ್ನು ಸ್ಪಿರಿಟ್‌ನಿಂದ ಒರೆಸಿ, ಗುಂಡಿನ ಸ್ಪಂಜನ್ನು ಹೊಸದು ಹಾಕಿ.

ಹಾರ್ಮೋನಿಯಂ, ತಬಲಾ ಮೇಷ್ಟ್ರುಗಳು ಕೂತಲ್ಲೇ ಇರುತ್ತಾರೆ, ಅವರಿಗೆ ವೈರ್ ಮೈಕ್ ಇರಲಿ. ಮತ್ತು ನಿಮ್ಮ ಹಳೆಯ ಮೂರು ಸ್ಟ್ಯಾಂಡ್ ಮೈಕ್‌ಗಳನ್ನು ಮೂಲೆಗೆ ಹಾಕಬೇಡಿ. ವೇದಿಕೆಯ ಅಂಚಿನಲ್ಲಿ, ದನಿ ಇಳಿಸಿ, ಸದಾ ಸಿದ್ಧವಾಗಿಡಿ. ಕಾರ್ಡ್‌ಲೆಸ್ ಕೈಕೊಟ್ಟ ಕ್ಷಣ ಕಲಾವಿದ ಎರಡು ಹೆಜ್ಜೆ ಮುಂದೆ ಬಂದರೆ ಪದ್ಯ ನಿಲ್ಲುವುದಿಲ್ಲ. ರಿಸೀವರ್‌ಗಳಿಗೆ ಒಂದು ಸಣ್ಣ ಯುಪಿಎಸ್ ಕೊಡಿ. ಕರೆಂಟಿನಿಂದ ಜನರೇಟರ್‌ಗೆ ಬದಲಾದಾಗ ಅವು ಆಫ್ ಆಗಿ ಮತ್ತೆ ಏಳುವ ಹೊತ್ತು ಉಳಿಯುತ್ತದೆ.

ನಾಟಕ ಮುಗಿದ ಮೇಲೆ

ನಿದ್ದೆಗಣ್ಣಿನಲ್ಲಿ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕುವ ಆ ಅರ್ಧ ಗಂಟೆಯಲ್ಲೇ ಹೆಚ್ಚಿನ ಹೆಡ್‌ಸೆಟ್‌ಗಳು ಸಾಯುತ್ತವೆ. ಬೆವರಿನ ಉಪ್ಪು ಒಣಗುವ ಮುಂಚೆ ಒದ್ದೆ ಬಟ್ಟೆಯಿಂದ ವೈರ್ ಒರೆಸಿ, ಟೇಪಿನ ಅಂಟನ್ನು ಆಲ್ಕೋಹಾಲ್‌ನಿಂದ ತೆಗೆಯಿರಿ. ಆಲ್ಕೋಹಾಲ್ ಗುಂಡಿಗೆ ತಾಗದಿರಲಿ. ಗುಂಡಿನ ಮೇಲಿನ ಟೋಪಿ ಬಿಚ್ಚಿಬರುವಂಥದಾದರೆ ಟೋಪಿಯನ್ನು ಮಾತ್ರ ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಕೈ ಮೈಕಿನ ಜಾಲರಿಗೂ ಒಳಗಿನ ಸ್ಪಂಜಿಗೂ ಇದೇ ಕ್ರಮ. ವೈರನ್ನು ಪ್ಯಾಕಿಗೆ ಸುತ್ತಬೇಡಿ, ಅಂಗೈ ಅಗಲದ ಸಡಿಲ ಸುರುಳಿ ಮಾಡಿ. ಸೆಲ್ ತೆಗೆದು, ಸೆಲ್ಲಿನ ಬಾಗಿಲು ತೆರೆದು, ಒಂದು ದಿನ ನೆರಳಲ್ಲಿ ಗಾಳಿಗೆ ಇಡಿ. ಆಮೇಲೆ ಬಿಗಿ ಮುಚ್ಚಳದ ಡಬ್ಬಿಗೆ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ. ಅಕ್ಕಿಯಲ್ಲಿ ಹೂಳುವ ಉಪಾಯ ಬೇಡ, ಅದರ ಧೂಳು ಜಾಲರಿಗೆ ಕೂರುತ್ತದೆ. ಮಳೆಗಾಲದ ನಾಲ್ಕು ತಿಂಗಳು ತಿಂಗಳಿಗೊಮ್ಮೆ ಡಬ್ಬಿ ತೆರೆದು, ಸೆಲ್ ಹಾಕಿ, ಅರ್ಧ ಗಂಟೆ ಆನ್ ಮಾಡಿ ಕೇಳಿ ನೋಡಿ, ಪೊಟ್ಟಣ ಬದಲಿಸಿ.

ಕೊಳ್ಳುವ ಪ್ರಶ್ನೆಗೆ ಈಗ ಉತ್ತರ ಸುಲಭ. ಚೀಟಿಯಲ್ಲಿ 470ರಿಂದ 698ರ ಒಳಗಿನ ಸಂಖ್ಯೆ ಇದ್ದರೆ ಸೆಟ್ ಇರಲಿ, ಆ ದುಡ್ಡಿನಲ್ಲಿ ಎರಡು ಹೆಚ್ಚುವರಿ ಹೆಡ್‌ಸೆಟ್, ಒಂದು ಒಳ್ಳೆಯ ಚಾರ್ಜರ್, ಹನ್ನೆರಡು ಜೋಡಿ ರೀಚಾರ್ಜ್ ಸೆಲ್ ಮತ್ತು ಎಕ್ಸ್ಎಲ್ಆರ್ ಕೇಬಲ್ ತನ್ನಿ. 700ಕ್ಕಿಂತ ಮೇಲಿದ್ದರೆ ಅಥವಾ 2.4 ಗಿಗಾಹರ್ಟ್ಜ್ ಆಗಿದ್ದರೆ ಅದನ್ನು ತಾಲೀಮಿಗೆ ಉಳಿಸಿಕೊಂಡು ಬೇರೆ ಕೊಳ್ಳಿ. ಒಂದೇ ಸಲ ಆರು ಬೇಡ. ಮುಖ್ಯ ಪಾತ್ರಗಳಿಗೆ ನಾಲ್ಕು ಒಳ್ಳೆಯವು, ಉಳಿದವರಿಗೆ ಸ್ಟ್ಯಾಂಡ್ ಮೈಕ್. ಅಂಗಡಿಯಲ್ಲಿ ಕೇಳಬೇಕಾದದ್ದು: ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ (ರೇಡಿಯೋ ಅಲೆಗಳ ಪರವಾನಗಿ ವಿಭಾಗ) ಅನುಮೋದನೆ ಇದೆಯೇ, ಗ್ರೂಪ್-ಚಾನೆಲ್ ಮತ್ತು ಸ್ಕ್ಯಾನ್ ಇದೆಯೇ, ಒಂದೇ ಕಡೆ ಎಷ್ಟು ಮೈಕ್ ಒಟ್ಟಿಗೆ ನಡೆಯುತ್ತವೆ, ಪ್ಯಾಕ್ ಡಬಲ್-ಎ ಸೆಲ್ಲಿನದೇ, ಹೆಡ್‌ಸೆಟ್ ಮಾತ್ರ ಬಿಡಿಯಾಗಿ ಸಿಗುತ್ತದೆಯೇ. ಹೆಡ್‌ಸೆಟ್ ಬಿಡಿಯಾಗಿ ಸಿಗದ ಸೆಟ್ ಎಷ್ಟೇ ಅಗ್ಗವಾದರೂ ಬಿಟ್ಟುಬನ್ನಿ.